ಸಿಪಿಆರ್ ಫೀಡ್‌ಬ್ಯಾಕ್ ಸಾಧನ: ಎದೆ ಒತ್ತುವ ಕೈ ಒಪ್ಪುವಂಥದ್ದನ್ನು ಆರಿಸುವುದು ಹೇಗೆ?

ಕ್ರ್ಯಾಶ್ ಕಾರ್ಟಿನ, ಅಂದರೆ ತುರ್ತು ಔಷಧ-ಉಪಕರಣಗಳ ಗಾಡಿಯ, ಕೆಳಗಿನ ಡ್ರಾಯರಿನಲ್ಲಿ ಕವರ್ ಕೂಡ ಬಿಚ್ಚದ ಫೀಡ್‌ಬ್ಯಾಕ್ ಸಾಧನವೊಂದು ಬಿದ್ದಿರುತ್ತದೆ. ಹೃದಯ ನಿಂತವರ ಎದೆ ಒತ್ತುವಾಗ (ಸಿಪಿಆರ್) ಒತ್ತು ಸರಿಯಿದೆಯೆ ಎಂದು ಆಗಲೇ ತಿಳಿಸುವ ಸಾಧನ ಅದು. ಕೊಂಡ ವಾರ ಕಂಪನಿಯವರು ಬಂದು ಡೆಮೊ ಕೊಟ್ಟು ಹೋಗಿರುತ್ತಾರೆ. ಆಮೇಲಿನ ಯಾವ ಕೋಡ್ ಬ್ಲೂನಲ್ಲೂ (ರೋಗಿಯ ಹೃದಯ ನಿಂತಾಗ ಆಸ್ಪತ್ರೆಯಲ್ಲಿ ಕೊಡುವ ತುರ್ತು ಕರೆ) ಅದು ಹೊರಗೆ ಬಂದಿರುವುದಿಲ್ಲ. "ನಮ್ಮ ಸ್ಟಾಫ್ ಹೊಸದನ್ನು ಒಪ್ಪುವುದಿಲ್ಲ" ಎನ್ನುವುದು ಆಡಳಿತದ ಮಾತು. ಸಿಸ್ಟರುಗಳನ್ನು ಕೇಳಿ ನೋಡಿ, ಉತ್ತರ ಬೇರೆ: ಅಂಗೈ ನೋಯುತ್ತದೆ, ಹಾಸಿಗೆಯ ಮೇಲೆ ತಪ್ಪು ತೋರಿಸುತ್ತದೆ, ಅದನ್ನು ಹಚ್ಚುವಷ್ಟರಲ್ಲಿ ಒತ್ತುವುದೇ ತಡವಾಗುತ್ತದೆ, ಕೊನೆಗೆ ಅದರ ರೆಕಾರ್ಡ್ ಹಿಡಿದು ನಮ್ಮನ್ನೇ ಬೈಯುತ್ತಾರೆ. ಈ ದೂರುಗಳಲ್ಲಿ ಬಹುಪಾಲು ನಿಜ. ಹಾಗಾಗಿ ಕೊಳ್ಳುವ ಮೊದಲೇ ಅವನ್ನು ಅಳತೆಗೋಲಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಕೋಡ್ ಬ್ಲೂ ಸಮಿತಿಯವರು, ನರ್ಸಿಂಗ್ ಸೂಪರಿಂಟೆಂಡೆಂಟರು, ಸಣ್ಣ ನರ್ಸಿಂಗ್ ಹೋಮ್ ನಡೆಸುವ ವೈದ್ಯರು ಯಾವ ಸಾಧನ ತರಬೇಕೆಂದು ಗೊಂದಲದಲ್ಲಿದ್ದರೆ ಈ ಹೋಲಿಕೆ ಅವರಿಗಾಗಿ.

ಸಾಧನ ಬೇಕೇ ಬೇಕೆ?

ತರಬೇತಿ ಪಡೆದವರು ಒತ್ತಿದರೂ ಎದೆ ಸಾಕಷ್ಟು ಆಳಕ್ಕೆ ಹೋಗದಿರಬಹುದು. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಆಸ್ಪತ್ರೆಯ 67 ರೋಗಿಗಳ ಸಿಪಿಆರ್ ಅನ್ನು 30 ಸೆಕೆಂಡುಗಳ ತುಂಡುಗಳಾಗಿ ಅಳೆದು ನೋಡಿದರು. ಶೇ. 37ರಷ್ಟು ತುಂಡುಗಳಲ್ಲಿ ಒತ್ತಡದ ಆಳ 38 ಮಿಲಿಮೀಟರ್ ಕೂಡ ಮುಟ್ಟಿರಲಿಲ್ಲ. ಶೇ. 28ರಷ್ಟು ತುಂಡುಗಳಲ್ಲಿ ವೇಗ ನಿಮಿಷಕ್ಕೆ 90ಕ್ಕಿಂತ ಕಡಿಮೆ. ಒತ್ತಿದವರು ಆ ಆಸ್ಪತ್ರೆಯ ಪಳಗಿದ ಸಿಬ್ಬಂದಿಯೇ. ಒತ್ತುತ್ತಿರುವವರಿಗೆ ತಮ್ಮ ಆಳ ತಿಳಿಯುವುದಿಲ್ಲ. ಒಂದೂವರೆ ನಿಮಿಷ ಕಳೆಯುವಷ್ಟರಲ್ಲಿ ತೋಳು ಸೋಲುತ್ತದೆ, "ನನಗೆ ಸುಸ್ತಾಗಿಲ್ಲ" ಎಂದು ಬಾಯಿ ಹೇಳುತ್ತಲೇ ಇರುತ್ತದೆ.

ಇಂದಿನ ಗುರಿ ಹೀಗಿದೆ. ವಯಸ್ಕರಲ್ಲಿ ಆಳ ಕನಿಷ್ಠ 5 ಸೆಂ.ಮೀ., 6 ಮೀರಬಾರದು. ವೇಗ ನಿಮಿಷಕ್ಕೆ 100ರಿಂದ 120. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಬೇಕು, ಅಂದರೆ ಮೇಲೆ ಭಾರ ಹಾಕಿ ನಿಲ್ಲಬಾರದು. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು. ಒಟ್ಟು ಸಮಯದಲ್ಲಿ ಎದೆ ಒತ್ತುತ್ತಿದ್ದ ಪಾಲು ಶೇ. 60ಕ್ಕಿಂತ ಕೆಳಗಿಳಿಯಬಾರದು, ಒಳ್ಳೆಯ ತಂಡ ಶೇ. 80 ದಾಟುತ್ತದೆ. ಹತ್ತು ನಿಮಿಷದ ಕೋಡ್‌ನಲ್ಲಿ ಶೇ. 80 ಎಂದರೆ ಎಲ್ಲ ನಿಲುಗಡೆ ಸೇರಿ ಕೇವಲ 2 ನಿಮಿಷ. ಐದು ಸಲ ರಿದಮ್ (ಹೃದಯದ ಲಯ) ನೋಡಲು 10 ಸೆಕೆಂಡಿನಂತೆ ನಿಲ್ಲಿಸಿದರೆ 50 ಸೆಕೆಂಡು ಹೋಯಿತು. ಉಸಿರಿನ ಟ್ಯೂಬ್ ಹಾಕಲು 40 ಸೆಕೆಂಡು ಕೈ ತೆಗೆಸಿದರೆ ಉಳಿದದ್ದು ಅರ್ಧ ನಿಮಿಷ.

ಆದರೆ ಸಾಧನ ತಂದಮಾತ್ರಕ್ಕೆ ಜೀವ ಉಳಿಯುತ್ತದೆಯೆ? ಇಲ್ಲಿ ಮಾರಾಟದವರ ಮಾತಿಗಿಂತ ಅಧ್ಯಯನಗಳನ್ನು ನೋಡುವುದು ಒಳ್ಳೆಯದು. ಅಮೆರಿಕ ಮತ್ತು ಕೆನಡಾದ ಆ್ಯಂಬುಲೆನ್ಸ್ ಸೇವೆಗಳಲ್ಲಿ 1,586 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಯಾದೃಚ್ಛಿಕ ಪ್ರಯೋಗದಲ್ಲಿ ಫೀಡ್‌ಬ್ಯಾಕ್ ಹಾಕಿದಾಗ ಆಳ 38ರಿಂದ 40 ಮಿಲಿಮೀಟರಿಗೆ ಏರಿತು, ಅಷ್ಟೆ. ಹೃದಯ ಮರಳಿ ಮಿಡಿದವರ ಸಂಖ್ಯೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡು ಮಿಲಿಮೀಟರಿಗೆ ಅದಕ್ಕಿಂತ ಹೆಚ್ಚು ಫಲ ಬಯಸುವುದೂ ಕಷ್ಟ. 2013ರಲ್ಲಿ ಅರಿಜೋನಾದಿಂದ ಬಂದ ವರದಿಯ ಕತೆ ಬೇರೆ. ಅಲ್ಲಿ ಸಾಧನದ ಜೊತೆಗೆ ಸನ್ನಿವೇಶ ಕಟ್ಟಿ ಕೊಟ್ಟ ತರಬೇತಿಯೂ ಇತ್ತು. ಆಸ್ಪತ್ರೆಯಿಂದ ಜೀವಂತವಾಗಿ ಮನೆಗೆ ಹೋದವರು ಶೇ. 8.7ರಿಂದ 13.9ಕ್ಕೆ ಏರಿದರು. ಷಿಕಾಗೊದಿಂದಲೇ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾಧನದ ಜೊತೆಗೆ ವಾರಕ್ಕೊಮ್ಮೆ ರೆಕಾರ್ಡ್ ನೋಡಿ ಚರ್ಚಿಸುವ ಪದ್ಧತಿ ಸೇರಿಸಿದಾಗ ಹೃದಯ ಮರಳಿ ಮಿಡಿದವರು ಶೇ. 45ರಿಂದ 59 ಆದರು. ಆದರೆ ಮನೆಗೆ ಹೋದವರ ಪ್ರಮಾಣ ಹೆಚ್ಚಲಿಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೂಡ 2020ರ ಮಾರ್ಗಸೂಚಿಯಲ್ಲಿ ರೋಗಿಯ ಮೇಲೆ ಸಾಧನ ಬಳಸುವುದಕ್ಕೆ ದುರ್ಬಲ ಶಿಫಾರಸನ್ನೂ ತರಬೇತಿಯಲ್ಲಿ ಬಳಸುವುದಕ್ಕೆ ಅದಕ್ಕಿಂತ ಗಟ್ಟಿ ಶಿಫಾರಸನ್ನೂ ಕೊಟ್ಟಿತು.

ಹಾಗಾಗಿ ಬಜೆಟ್ ಮಾಡುವಾಗ ಸಾಧನಕ್ಕೆ ಎಷ್ಟು ಇಡುತ್ತೀರೋ ಅದರ ಬಳಕೆ ಕಲಿಸುವುದಕ್ಕೂ ಅಷ್ಟೇ ಗಮನ ಇಡಿ. ಅದು ಆಗದಿದ್ದರೆ ಅಗ್ಗದ ಸಾಧನವೇ ಸಾಕು.

ಯಾವುದರಿಂದ ಅಳೆಯಬೇಕು

ಮೊದಲನೆಯದು ಸಮಯ. ಸಾಧನ ಇಲ್ಲದೆ ಮೊದಲ ಒತ್ತು ಬೀಳಲು ಎಷ್ಟು ಸೆಕೆಂಡು, ಇದ್ದಾಗ ಎಷ್ಟು? ಸಾಧನವನ್ನು ಹುಡುಕಿ, ಆನ್ ಮಾಡಿ, ಸ್ಟಿಕ್ಕರ್ ಸುಲಿದು ಅಂಟಿಸುವವರೆಗೆ ಎದೆ ಖಾಲಿ ಬಿಟ್ಟರೆ ಅದು ರೋಗಿಗೆ ನಷ್ಟ. ಒಬ್ಬರು ಬರಿಗೈಯಲ್ಲಿ ಒತ್ತುತ್ತಿರಬೇಕು, ಇನ್ನೊಬ್ಬರು ಸಾಧನ ತಯಾರು ಮಾಡಬೇಕು, ಆಳು ಬದಲಾಗುವ ಹೊತ್ತಿಗೆ ಅದನ್ನು ಕೈ ಕೆಳಗೆ ಸೇರಿಸಬೇಕು. ಈ ಕ್ರಮಕ್ಕೆ ಒಗ್ಗದ ಸಾಧನವನ್ನು ಅಲ್ಲೇ ಬಿಡಿ.

ಎರಡನೆಯದು ಸತ್ಯ. ನನ್ನ ಲೆಕ್ಕದಲ್ಲಿ ಒಪ್ಪಿಗೆಯನ್ನು ಹೆಚ್ಚು ಕೆಡಿಸುವುದು ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಬಹುಪಾಲು ಸಾಧನಗಳ ಒಳಗೆ ಚಲನೆ ಅಳೆಯುವ ಅಕ್ಸೆಲೆರೋಮೀಟರ್ ಇರುತ್ತದೆ. ತಾನು ಎಷ್ಟು ಕೆಳಗೆ ಹೋದೆ ಎಂಬುದು ಅದಕ್ಕೆ ಗೊತ್ತು, ಅದರಲ್ಲಿ ಎದೆ ತಗ್ಗಿದ್ದೆಷ್ಟು, ಹಾಸಿಗೆ ತಗ್ಗಿದ್ದೆಷ್ಟು ಎಂಬುದು ಗೊತ್ತಿಲ್ಲ. ಮೆತ್ತನೆಯ ಫೋಮ್ ಹಾಸಿಗೆ ಒಂದೂವರೆ ಸೆಂ.ಮೀ. ಕುಸಿದರೆ ಪರದೆ 5 ಎಂದು ಹಸಿರು ತೋರಿಸುತ್ತಿರುವಾಗ ಎದೆ ತಗ್ಗಿರುವುದು ಮೂರೂವರೆ ಮಾತ್ರ. ಅನುಭವಿ ಸಿಸ್ಟರಿಗೆ ಇದು ಕೈಯಲ್ಲೇ ಗೊತ್ತಾಗುತ್ತದೆ: "ಇದು ಸುಳ್ಳು ಹೇಳ್ತಾ ಇದೆ". ಒಮ್ಮೆ ಆ ಮಾತು ವಾರ್ಡಿನಲ್ಲಿ ಹಬ್ಬಿದರೆ ಸಾಧನ ಡ್ರಾಯರಿಗೆ ಹೋಯಿತೆಂದೇ ಅರ್ಥ. ಬೆನ್ನ ಕೆಳಗೆ ಸಿಪಿಆರ್ ಬೋರ್ಡ್ ಹಾಕಿದರೆ ತಪ್ಪು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಗಾಳಿ ತುಂಬುವ ಹಾಸಿಗೆಯಾದರೆ ಅದರ ಸಿಪಿಆರ್ ವಾಲ್ವ್ ಎಳೆದು ಗಾಳಿ ಬಿಡಲೇಬೇಕು.

ಮೂರನೆಯದು, ಕಣ್ಣು ಮತ್ತು ಕಿವಿ. ಸೂಚನೆ ಯಾರಿಗೆ ಕಾಣಬೇಕು, ಯಾರಿಗೆ ಕೇಳಬೇಕು? ಮಾನಿಟರಿನ ಅಲಾರಂ, ವೆಂಟಿಲೇಟರಿನ ಅಲಾರಂ, ಡಾಕ್ಟರ ಆದೇಶ, ಇವುಗಳ ನಡುವೆ ಇನ್ನೊಂದು ದನಿ ಸೇರಿದರೆ ಯಾವುದೂ ಕೇಳುವುದಿಲ್ಲ. ಅನೇಕ ಯಂತ್ರಗಳು ಇಂಗ್ಲಿಷಿನಲ್ಲಿ "ಪುಷ್ ಹಾರ್ಡರ್" ಎನ್ನುತ್ತವೆ. ಸಿಬ್ಬಂದಿಗೆ ಅದು ಅರ್ಥವಾಗುತ್ತದೆ. ತೊಡಕಿರುವುದು ಬಾಗಿಲ ಬಳಿ ನಿಂತ ಮನೆಯವರಿಗೂ ಅರ್ಥವಾಗುವುದರಲ್ಲಿ. "ಮಷೀನೇ ಹೇಳ್ತಿದೆ, ಇವರು ಸರಿಯಾಗಿ ಒತ್ತುತ್ತಿಲ್ಲ" ಎಂಬ ಮಾತು ಅಲ್ಲಿಂದ ಶುರುವಾಗುತ್ತದೆ. ಆದ್ದರಿಂದ ದನಿಯನ್ನು ಪೂರ್ತಿ ನಿಲ್ಲಿಸಿ, ತಾಳ ಮಾತ್ರ ಉಳಿಸಿಕೊಳ್ಳುವ ಸೆಟ್ಟಿಂಗ್ ಇದೆಯೆ ಎಂದು ಮೊದಲ ದಿನವೇ ಕೇಳಿ.

ನಾಲ್ಕನೆಯದು ರೆಕಾರ್ಡ್ ಯಾರ ಕೈಗೆ ಹೋಗುತ್ತದೆ ಎಂಬುದು. ಐದನೆಯದು ಮೈಯಿಗಾಗುವ ನೋವು: ಗಟ್ಟಿ ಅಂಚಿನ ಸೆನ್ಸರ್ ಅಂಗೈ ಬುಡದ ಚರ್ಮ ಸುಲಿಯಬಹುದು, ಬೆವರಿದ ಎದೆಯ ಮೇಲೆ ಜಾರಬಹುದು. ಕೊನೆಯದು ಮರುಖರ್ಚು. ಯಂತ್ರದ ಬೆಲೆ ಒಮ್ಮೆ ಮುಗಿಯುತ್ತದೆ. ಒಂದು ರೋಗಿಗೆ ಒಂದರಂತೆ ಬೇಕಾಗುವ ಪ್ಯಾಡ್, ಅಂಟುಪಟ್ಟಿ, ಬ್ಯಾಟರಿಯ ಖರ್ಚು ಮುಗಿಯುವುದಿಲ್ಲ.

ಮೆಟ್ರೊನೋಮ್: ಖರ್ಚಿಲ್ಲದ ಆರಂಭ

ಮೆಟ್ರೊನೋಮ್ ಎಂದರೆ ಒಂದೇ ವೇಗದಲ್ಲಿ ತಾಳ ಹಾಕುವ ಸಾಧನ. ಫೋನಿನ ಆ್ಯಪ್ ಆಗಲಿ, ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರಿನಲ್ಲೇ ಇರುವ ತಾಳವಾಗಲಿ, ನಿಮಿಷಕ್ಕೆ 110ಕ್ಕೆ ಇಟ್ಟರೆ ವೇಗದ ಸಮಸ್ಯೆ ಬಹುಮಟ್ಟಿಗೆ ಬಗೆಹರಿಯಿತು. ಗಾಬರಿಯಲ್ಲಿ 140ಕ್ಕೆ ಓಡುವ ಕೈಯನ್ನು ಹಿಡಿದು ನಿಲ್ಲಿಸುವುದು ಇದರ ದೊಡ್ಡ ಉಪಕಾರ. ಅತಿವೇಗದಲ್ಲಿ ಎದೆ ಮೇಲೇಳುವ ಮುನ್ನವೇ ಮುಂದಿನ ಒತ್ತು ಬೀಳುತ್ತದೆ, ಹೃದಯ ತುಂಬಿಕೊಳ್ಳುವುದಿಲ್ಲ. ಸಿಬ್ಬಂದಿ ಇದನ್ನು ಸುಲಭವಾಗಿ ಒಪ್ಪುತ್ತಾರೆ. ಯಾರ ಮೇಲೂ ತೀರ್ಪು ಕೊಡುವುದಿಲ್ಲ, ಏನನ್ನೂ ಬರೆದಿಡುವುದಿಲ್ಲ, ಎದೆಗೂ ಕೈಗೂ ನಡುವೆ ಏನೂ ಬರುವುದಿಲ್ಲ.

ಕೊರತೆಯೂ ಸ್ಪಷ್ಟ. ಆಳದ ಬಗ್ಗೆ ಅದು ಏನನ್ನೂ ಹೇಳದು. ತಾಳಕ್ಕೆ ಮನಸ್ಸು ಕೊಟ್ಟಾಗ ಆಳ ಕಡಿಮೆಯಾಗುವುದೂ ಉಂಟು. ಹಾಗಾಗಿ ತಾಳ ಹಾಕಿದ ದಿನದಿಂದಲೇ ಆಳ ನೋಡಲು ಒಬ್ಬರನ್ನು ನಿಲ್ಲಿಸಿ. ಫೋನಿನಲ್ಲಿ ಹಾಕುವುದಾದರೆ ಡ್ಯೂಟಿ ಡಾಕ್ಟರ ಸ್ವಂತ ಫೋನ್ ಬೇಡ, ಕರೆ ಬಂದರೆ ತಾಳ ನಿಲ್ಲುತ್ತದೆ. ಕಾರ್ಟಿನಲ್ಲೇ ಇಡುವ ಸಣ್ಣ ಸಂಗೀತದ ಮೆಟ್ರೊನೋಮ್ ಇದಕ್ಕಿಂತ ನಂಬಿಕಸ್ಥ.

ಕ್ಲಿಕ್ ಸದ್ದಿನ ಸಾಧನ

ಕಾರ್ಡಿಯೋ ಫಸ್ಟ್ ಏಂಜಲ್ ಎಂಬ ಹೆಸರಿನಲ್ಲಿ ಬಂದ ಸ್ಪ್ರಿಂಗ್ ಸಾಧನ ಈ ಬಗೆಗೆ ಉದಾಹರಣೆ. ಬ್ಯಾಟರಿ ಇಲ್ಲ, ಪರದೆ ಇಲ್ಲ. ಸುಮಾರು 400 ನ್ಯೂಟನ್ ಬಲ, ಅಂದರೆ 40 ಕಿಲೋ ತೂಕ ಬಿದ್ದಷ್ಟು ಬಲ ಬಂದಾಗ ಕ್ಲಿಕ್ ಎನ್ನುತ್ತದೆ, ಕೈ ಸಡಿಲಿಸಿದಾಗ ಮತ್ತೆ ಕ್ಲಿಕ್. ಎರಡನೆಯ ಸದ್ದು ಕೇಳದಿದ್ದರೆ ಎದೆಯ ಮೇಲೆ ಭಾರ ಬಿಟ್ಟಿದ್ದೀರೆಂದು ತಿಳಿಯುತ್ತದೆ. ಇದರ ಪರವಾಗಿ ದೊಡ್ಡ ಅಧ್ಯಯನವೂ ಇದೆ. ಇರಾನಿನ 8 ಆಸ್ಪತ್ರೆಗಳ ಐಸಿಯುಗಳಲ್ಲಿ 900 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೃದಯ ಮರಳಿ ಮಿಡಿದವರು ಸಾಧನವಿಲ್ಲದೆ ಶೇ. 42, ಸಾಧನದೊಂದಿಗೆ ಶೇ. 67. ಸಂಖ್ಯೆ ಆಕರ್ಷಕ. ಆದರೆ ಅಲ್ಲಿ ಎರಡೂ ಗುಂಪುಗಳಲ್ಲಿ ಬದುಕಿದವರ ಪ್ರಮಾಣ ಬೇರೆ ಕಡೆಗಳ ಅನೇಕ ವರದಿಗಳಿಗಿಂತ ಹೆಚ್ಚು. ಹಾಗಾಗಿ ಅದೇ ಲಾಭ ನಮ್ಮ ವಾರ್ಡಿನಲ್ಲೂ ಸಿಗುತ್ತದೆಂದು ಲೆಕ್ಕ ಹಾಕಬೇಡಿ.

ಇದು ಬಲ ಅಳೆಯುತ್ತದೆ, ಆಳವನ್ನಲ್ಲ. ಎಲ್ಲರ ಎದೆಯೂ ಒಂದೇ ಗಡಸಲ್ಲ. ಕೃಶವಾದ ಅಜ್ಜಿಯ ಎದೆ ಕ್ಲಿಕ್ ಬರುವ ಮೊದಲೇ 6 ಸೆಂ.ಮೀ. ದಾಟಬಹುದು. ಗಟ್ಟಿ ಎದೆಯ ಕೂಲಿಯಾಳಿಗೆ ಕ್ಲಿಕ್ ಬಂದರೂ 4 ಆಗಿರುವುದಿಲ್ಲ. ಇದನ್ನು ಮೊದಲೇ ಹೇಳಿಕೊಟ್ಟರೆ ಸಿಬ್ಬಂದಿ ಅದನ್ನು ಒಂದು ಸುಳಿವಾಗಿ ಬಳಸುತ್ತಾರೆ. ಹಾಸಿಗೆ ಕುಸಿದರೂ ಬಲದ ಅಳತೆ ಕೆಡುವುದಿಲ್ಲ ಎಂಬುದು ಇದರ ಕಡೆಗಣಿಸಲಾಗದ ಒಳ್ಳೆಯ ಗುಣ. ರೆಕಾರ್ಡ್ ಇಲ್ಲದ್ದರಿಂದ ಬೈಗುಳದ ಭಯವೂ ಇಲ್ಲ, ಕಲಿಯಲು ಉಳಿಯುವ ದಾಖಲೆಯೂ ಇಲ್ಲ.

ಅಂಗೈ ಕೆಳಗಿನ ಮೀಟರ್

ಲೆರ್ಡಾಲ್ ಕಂಪನಿಯ ಸಿಪಿಆರ್‌ಮೀಟರ್ ಈ ಗುಂಪಿನ ಪರಿಚಿತ ಹೆಸರು. ಒಳಗೆ ಅಕ್ಸೆಲೆರೋಮೀಟರ್ ಜೊತೆಗೆ ಬಲದ ಸೆನ್ಸರೂ ಇದೆ. ಹಾಗಾಗಿ ಆಳ, ವೇಗ ಮಾತ್ರವಲ್ಲ, ಕೈ ಪೂರ್ತಿ ಬಿಟ್ಟಿರೋ ಇಲ್ಲವೋ ಎಂಬುದನ್ನೂ ಚೆನ್ನಾಗಿ ಹಿಡಿಯುತ್ತದೆ. ಯಾವ ಕಂಪನಿಯ ಡಿಫಿಬ್ರಿಲೇಟರ್ ಇದ್ದರೂ ಬಳಸಬಹುದು. ಪುಟ್ಟ ಪರದೆ ಒತ್ತುವವರ ಕಣ್ಣ ಕೆಳಗೇ ಇರುತ್ತದೆ. ವಾರ್ಡಿನಿಂದ ವಾರ್ಡಿಗೆ ಜೇಬಿನಲ್ಲಿ ಒಯ್ಯಬಹುದು.

ತೊಡಕುಗಳು ನಾಲ್ಕು. ಒಂದು, ಹಾಸಿಗೆಯ ತಪ್ಪು ಇಲ್ಲೂ ಇದೆ. ಎರಡು, ಕೈಯನ್ನು ಸರಿಯಾಗಿ ಇಡದಿದ್ದರೆ ಬೆರಳು ಪರದೆಯನ್ನೇ ಮುಚ್ಚುತ್ತದೆ. ಅಂಗೈ ಬುಡ ಮೀಟರಿನ ಮಧ್ಯದಲ್ಲಿ, ಬೆರಳು ಮೇಲಕ್ಕೆ ಎತ್ತಿ ಹೆಣೆದಿರಬೇಕು. ಮೂರು, ಅಂಟುಪಟ್ಟಿ ಪ್ರತಿ ರೋಗಿಗೂ ಬದಲಿಸಬೇಕು. ಪಟ್ಟಿ ಮುಗಿದಾಗ "ಹಾಗೇ ಇಟ್ಟು ಒತ್ತೋಣ" ಎಂದರೆ ಜಾರಿ ಹೊಟ್ಟೆಯ ಕಡೆ ಹೋಗುತ್ತದೆ. ನಾಲ್ಕು, ಇದು ಒಂಟಿ ವಸ್ತು. ಕೋಡ್ ಮುಗಿದ ಗದ್ದಲದಲ್ಲಿ ಬೆಡ್‌ಶೀಟಿನ ಜೊತೆ ಲಾಂಡ್ರಿಗೆ ಹೋಗುವ ಸಾಧ್ಯತೆ ಕಡಿಮೆಯೇನಲ್ಲ. ಕ್ರ್ಯಾಶ್ ಕಾರ್ಟಿನ ಸೀಲ್ ಪಟ್ಟಿಯಲ್ಲಿ ಅದರ ಹೆಸರು ಬರೆಯಿರಿ. ದಿನದ ಚೆಕ್‌ನಲ್ಲಿ ಆನ್ ಮಾಡಿ, ಪರದೆ ಬರುವುದನ್ನು ನೋಡಿ, ಆಫ್ ಮಾಡಿ, ಸಹಿ ಹಾಕಿ.

ಇದೇ ಬಗೆಯಲ್ಲಿ ಬೆನ್ನ ಕೆಳಗೊಂದು, ಎದೆ ಮೇಲೊಂದು ಎಂಬಂತೆ ಜೋಡಿ ತುಂಡುಗಳ ನಡುವಿನ ಅಂತರವನ್ನು ಕಾಂತಕ್ಷೇತ್ರದಿಂದ ಅಳೆಯುವ ಸಾಧನಗಳೂ ಬಂದಿವೆ. ಟ್ರೂಸಿಪಿಆರ್ ಅಂಥದ್ದು. ಹಾಸಿಗೆ ಎಷ್ಟೇ ಕುಸಿದರೂ ಎರಡು ತುಂಡುಗಳ ನಡುವಿನ ಅಂತರವೇ ಲೆಕ್ಕಕ್ಕೆ ಬರುವುದರಿಂದ ಆಳದ ಸತ್ಯ ಹೆಚ್ಚು. ಬೆಲೆಯಾಗಿ ಕೊಡಬೇಕಾದದ್ದು ಸಮಯ: ಬೆನ್ನ ಕೆಳಗಿನ ತುಂಡು ತೂರಿಸಲು ರೋಗಿಯನ್ನು ಹೊರಳಿಸಬೇಕು. ಸಿಪಿಆರ್ ಬೋರ್ಡ್ ಹಾಕುವ ಹೊರಳಿನಲ್ಲೇ ಎರಡನ್ನೂ ಸೇರಿಸಿ ಮುಗಿಸುವ ಅಭ್ಯಾಸ ಇದ್ದರೆ ಮಾತ್ರ ಇದು ಲಾಭ.

ಡಿಫಿಬ್ರಿಲೇಟರ್ ಪ್ಯಾಡಿನೊಳಗಿನ ಸೆನ್ಸರ್

ಜೋಲ್ ಕಂಪನಿಯ ಪ್ಯಾಡುಗಳಲ್ಲಿ ಎದೆಯ ನಡುವೆ ಬರುವ ಗುಂಡಿಯಂಥ ಸೆನ್ಸರನ್ನು ಹಲವರು ನೋಡಿರಬಹುದು. ಹೇಗಿದ್ದರೂ ಪ್ಯಾಡ್ ಅಂಟಿಸಲೇಬೇಕು, ಅದರೊಂದಿಗೆ ಸೆನ್ಸರೂ ಬಂತು. ಬೇರೆ ಹೆಜ್ಜೆಯೇ ಇಲ್ಲ. ಸಿಬ್ಬಂದಿ ಒಪ್ಪುವ ಸಾಧ್ಯತೆ ಹೆಚ್ಚಿರುವ ವಿನ್ಯಾಸ ಇದು: ಹೊಸ ಕೆಲಸ ಕಲಿಸುವ ಬದಲು ಹಳೆಯ ಕೆಲಸದೊಳಗೇ ಸೇರಿಕೊಳ್ಳುತ್ತದೆ. ಪರದೆ ದೊಡ್ಡದು, ತಂಡದ ನಾಯಕರಿಗೂ ಕಾಣುತ್ತದೆ. ಇಸಿಜಿ, ಒತ್ತು, ಶಾಕ್ ಎಲ್ಲ ಒಂದೇ ರೆಕಾರ್ಡಿನಲ್ಲಿ ಇರುವುದರಿಂದ ಶಾಕಿಗೆ ಮುಂಚೆ ಎಷ್ಟು ಸೆಕೆಂಡು ಕೈ ತೆಗೆದಿರಿ ಎಂಬುದು ಆಮೇಲೆ ತಿಳಿಯುತ್ತದೆ. ಆ ನಿಲುಗಡೆ 10 ಸೆಕೆಂಡಿನೊಳಗೆ ಇರಬೇಕು. ಕೈಯಲ್ಲಿ ಗಡಿಯಾರ ಹಿಡಿದು ಇದನ್ನು ಅಳೆಯುವುದು ಸಾಧ್ಯವಾಗದ ಮಾತು.

ಇನ್ನು ಹಣದ ಮಾತು. ಸೆನ್ಸರ್ ಇರುವ ಪ್ಯಾಡ್ ಸಾದಾ ಪ್ಯಾಡಿಗಿಂತ ದುಬಾರಿ, ಒಮ್ಮೆ ಬಳಸಿದರೆ ಮುಗಿಯಿತು, ಆ ಕಂಪನಿಯ ಯಂತ್ರಕ್ಕೆ ಮಾತ್ರ ಹೊಂದುತ್ತದೆ, ಅವಧಿ ಮುಗಿದರೆ ಎಸೆಯಬೇಕು. ಟೆಂಡರಿನಲ್ಲಿ ಯಂತ್ರದ ಬೆಲೆ ಕಡಿಮೆ ಕಂಡು ಬೀಗಿದವರು ಎರಡನೆಯ ವರ್ಷ ಪ್ಯಾಡ್ ಇಂಡೆಂಟ್ ನೋಡಿ ಬೆಚ್ಚುತ್ತಾರೆ. ಲೆಕ್ಕ ಹೀಗೆ ಹಾಕಿ: ವರ್ಷದ ಕೋಡ್‌ಗಳು ಎಷ್ಟು, ಅದಕ್ಕೆ ಡಿಫಿಬ್ರಿಲೇಟರ್ ಇರುವ ಪ್ರತಿ ಜಾಗದಲ್ಲಿ ಸದಾ ಇರಬೇಕಾದ ಎರಡು ಜೋಡಿ ಕೂಡಿಸಿ, ಡ್ರಿಲ್‌ಗೆ ಬೇಕಾಗುವ ತರಬೇತಿ ಪ್ಯಾಡ್ ಬೇರೆ ಬರೆಯಿರಿ, ಎಲ್ಲವನ್ನೂ ಪ್ಯಾಡಿನ ದರದಿಂದಲೂ ಐದು ವರ್ಷಕ್ಕೂ ಗುಣಿಸಿ, ಆ ಮೊತ್ತವನ್ನು ಯಂತ್ರದ ಬೆಲೆಗೆ ಸೇರಿಸಿ. ಆಗ ಸಿಗುವುದೇ ನಿಜವಾದ ಬೆಲೆ. ಐದು ವರ್ಷಕ್ಕೆ ಪ್ಯಾಡ್ ದರವನ್ನು ಒಪ್ಪಂದದಲ್ಲೇ ಬರೆಸಿ.

ಇನ್ನೊಂದು ಎಚ್ಚರಿಕೆ. ಕೆಲವು ಯಂತ್ರಗಳು ಒತ್ತುತ್ತಿರುವಾಗಲೇ ಅಡಿಯಲ್ಲಿರುವ ರಿದಮ್ ಅನ್ನು ಸೋಸಿ ತೋರಿಸುತ್ತವೆ. ಅದನ್ನಷ್ಟೇ ನಂಬಿ ಶಾಕ್ ಕೊಡುವ ತೀರ್ಮಾನ ಬೇಡ, ಕ್ಷಣಕಾಲ ಕೈ ತೆಗೆದು ಖಚಿತ ಮಾಡಿಕೊಳ್ಳಿ. ಎದೆಯಲ್ಲಿ ಕೂದಲು ದಟ್ಟವಾಗಿದ್ದರೆ ಪ್ಯಾಡ್ ಸರಿಯಾಗಿ ಕೂರುವುದಿಲ್ಲ. ಕಾರ್ಟಿನಲ್ಲಿ ರೇಜರ್ ಮತ್ತು ಒಣ ಬಟ್ಟೆ ಇರಲಿ.

ದೇಹವೇ ಕೊಡುವ ಉತ್ತರ

ಟ್ಯೂಬ್ ಹಾಕಿದ ರೋಗಿಯಲ್ಲಿ ಕ್ಯಾಪ್ನೋಗ್ರಾಫ್ (ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಯಂತ್ರ) ಇದ್ದರೆ ನಿಮ್ಮ ಬಳಿ ಆಗಲೇ ಒಂದು ಫೀಡ್‌ಬ್ಯಾಕ್ ಸಾಧನ ಇದೆ. ಉಸಿರಿನ ಕೊನೆಯ ಇಂಗಾಲದ ಡೈಆಕ್ಸೈಡ್ 10 ಎಂಎಂಎಚ್‌ಜಿಗಿಂತ ಕೆಳಗಿದ್ದರೆ ಒತ್ತುವುದು ಸಾಲದು. 20 ಮುಟ್ಟಿಸಿದರೆ ಇನ್ನೂ ಒಳ್ಳೆಯದು. ಅದು ದಿಢೀರನೆ 35–40ಕ್ಕೆ ಜಿಗಿದರೆ ಹೃದಯ ಮರಳಿ ಮಿಡಿದಿರಬಹುದು. ಆರ್ಟೀರಿಯಲ್ ಲೈನ್ (ರಕ್ತದೊತ್ತಡ ಅಳೆಯಲು ಅಪಧಮನಿಗೆ ಹಾಕಿದ ನಳಿಕೆ) ಇರುವ ಐಸಿಯು ರೋಗಿಯಲ್ಲಿ ಡಯಾಸ್ಟಾಲಿಕ್, ಅಂದರೆ ಕೆಳಗಿನ ರಕ್ತದೊತ್ತಡ 20ರ ಮೇಲೆ ಉಳಿಯುತ್ತಿದೆಯೆ ನೋಡಿ.

ಅರಿವಳಿಕೆ ಮತ್ತು ಐಸಿಯು ವೈದ್ಯರು ಈ ಅಳತೆಯನ್ನು ಸುಲಭವಾಗಿ ಒಪ್ಪುತ್ತಾರೆ, ಏಕೆಂದರೆ ಅದು ಎದೆ ಎಷ್ಟು ತಗ್ಗಿತೆಂದು ಹೇಳುವ ಬದಲು ರಕ್ತ ಎಷ್ಟು ಹರಿಯಿತೆಂದು ಹೇಳುತ್ತದೆ. ಆದರೆ ಮೋಸ ಹೋಗುವ ಜಾಗಗಳಿವೆ. ಉಸಿರು ಕೊಡುವ ಅಂಬು ಬ್ಯಾಗನ್ನು ನಿಮಿಷಕ್ಕೆ 25 ಸಲ ಹಿಂಡಿದರೆ ಸಂಖ್ಯೆ ತಾನಾಗಿ ಇಳಿಯುತ್ತದೆ, ತಪ್ಪು ಒತ್ತುವವರ ಮೇಲೆ ಬರುತ್ತದೆ. ಟ್ಯೂಬ್ ಇರುವಾಗ ಆರು ಸೆಕೆಂಡಿಗೊಂದು ಉಸಿರು ಸಾಕು. ಅಡ್ರಿನಲಿನ್ ಕೊಟ್ಟ ಮೇಲೆ ಸ್ವಲ್ಪ ಇಳಿಯಬಹುದು, ಸೋಡಾ ಬೈಕಾರ್ಬ್ ಕೊಟ್ಟರೆ ಏರಬಹುದು. ಸ್ಯಾಂಪಲ್ ನಳಿಕೆಯಲ್ಲಿ ದ್ರವ ಕಟ್ಟಿಕೊಂಡರೆ ಗೆರೆಯೇ ಮಾಯ. ಟ್ಯೂಬ್ ಹಾಕುವ ಮುಂಚಿನ ನಿಮಿಷಗಳಲ್ಲಂತೂ ಇದರಿಂದ ಹೆಚ್ಚಿನ ಸಹಾಯವಿಲ್ಲ.

ಪಕ್ಕದಲ್ಲಿ ನಿಂತ ಮನುಷ್ಯ

ಈ ಪಟ್ಟಿಯಲ್ಲಿ ಅಗ್ಗವಾದದ್ದೂ ನನಗೆ ಬಹಳ ಬೆಲೆಯುಳ್ಳದ್ದಾಗಿ ಕಾಣುವುದೂ ಇದೇ: ಸಿಪಿಆರ್ ಕೋಚ್. ಡಿಫಿಬ್ರಿಲೇಟರ್ ನೋಡಿಕೊಳ್ಳುವವರಿಗೇ ಈ ಕೆಲಸವನ್ನೂ ಕೊಡಬಹುದು, ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ತಂಡದ ಚಿತ್ರದಲ್ಲೂ ಇವೆರಡು ಒಟ್ಟಿಗೇ ಇವೆ. ಅವರು ಒತ್ತುವವರ ಎದುರಿಗೆ ನಿಲ್ಲಬೇಕು, ಪರದೆ ನೋಡಬೇಕು, ಯಂತ್ರ ಹೇಳುವುದನ್ನು ಮನುಷ್ಯರ ಮಾತಿನಲ್ಲಿ ಹೇಳಬೇಕು. "ಪ್ರಿಯಾ ಸಿಸ್ಟರ್, ಇನ್ನೊಂದು ಸೆಂಟಿಮೀಟರ್", "ಕೈ ಪೂರ್ತಿ ಬಿಡಿ", "ಚೆನ್ನಾಗಿದೆ, ಹೀಗೇ", "ಇನ್ನು 15 ಸೆಕೆಂಡು, ಮುಂದಿನವರು ಸ್ಟೂಲ್ ಹತ್ತಿ". ಯಂತ್ರ ಹೆಚ್ಚಾಗಿ ತಪ್ಪನ್ನೇ ಹೇಳುತ್ತದೆ, ಮನುಷ್ಯ ಸರಿಯಾದದ್ದನ್ನೂ ಹೇಳುತ್ತಾನೆ. ಹೆಸರು ಹಿಡಿದು ಕನ್ನಡದಲ್ಲಿ ಬಂದ ಮಾತಿಗೆ ಸಿಗುವ ಸ್ಪಂದನೆ ಯಂತ್ರದ ದನಿಗೆ ಸಿಗದು.

ರಾತ್ರಿ ಪಾಳಿಯಲ್ಲಿ ಒಬ್ಬ ಡಾಕ್ಟರ್, ಇಬ್ಬರು ಸಿಸ್ಟರ್ ಮಾತ್ರ ಇರುವಲ್ಲಿ ಕೋಚ್ ಎಲ್ಲಿಂದ ಬರಬೇಕು? ಅಂಥಲ್ಲಿ ಬ್ಯಾಗ್ ಹಿಂಡುವವರೇ ಮಾತಾಡಲಿ: ರೋಗಿಯ ತಲೆಯ ಕಡೆ ಇರುವ ಅವರಿಗೆ ಎದೆಯೂ ಕಾಣುತ್ತದೆ, ಪರದೆಯೂ ಕಾಣುತ್ತದೆ. ಕಿರಿಯ ಸಿಸ್ಟರ್ ಹಿರಿಯ ಡಾಕ್ಟರಿಗೆ "ಸರ್, ಆಳ ಸಾಲದು" ಎನ್ನಲು ಹಿಂಜರಿಯುತ್ತಾರೆ. ಹಾಗಾಗಿ ಕೋಡ್ ಶುರುವಾದಾಗಲೇ ನಾಯಕರು ಎಲ್ಲರ ಮುಂದೆ ಹೇಳಬೇಕು: "ಈಗ ಕೋಚ್ ಇವರು, ಅವರು ಹೇಳಿದ್ದನ್ನು ನಾನೂ ಕೇಳುತ್ತೇನೆ."

ಯಾರಿಗೆ ಯಾವುದು

ವರ್ಷಕ್ಕೆ ಹತ್ತಕ್ಕಿಂತ ಕಡಿಮೆ ಕೋಡ್ ಕಾಣುವ ಸಣ್ಣ ನರ್ಸಿಂಗ್ ಹೋಮಿಗೆ ರೋಗಿಯ ಮೇಲೆ ಬಳಸುವ ದುಬಾರಿ ಸಾಧನ ಬೇಡ. ಅಷ್ಟು ಅಪರೂಪಕ್ಕೆ ಬಳಸುವ ಸಾಧನದ ಬಳಕೆ ಯಾರಿಗೂ ನೆನಪಿರುವುದಿಲ್ಲ. ಮೆಟ್ರೊನೋಮ್, ಗಟ್ಟಿ ಬೋರ್ಡ್, ಎತ್ತರ ಸಾಲದವರಿಗೆ ಸ್ಟೂಲ್, ಮತ್ತು ಆಳ ತೋರಿಸುವ ಒಂದು ಮ್ಯಾನಿಕಿನ್ (ತರಬೇತಿಯ ಗೊಂಬೆ) ಸಾಕು. ಫೋನಿಗೆ ಜೋಡಿಸುವ ಲಿಟಲ್ ಆ್ಯನ್ ಕ್ಯೂಸಿಪಿಆರ್, ಸರಿಯಾಗಿ ಒತ್ತಿದರೆ ದೀಪ ಓಡುವ ಬ್ರೇಡನ್ ಮುಂತಾದವು ಇವೆ. ಕಲಿತದ್ದು ಮೂರರಿಂದ ಆರು ತಿಂಗಳಲ್ಲಿ ಮಾಸುತ್ತದೆ. ಮೂರು ತಿಂಗಳಿಗೊಮ್ಮೆ ತಲಾ ಎರಡು ನಿಮಿಷ ಒತ್ತಿಸಿದರೆ ಖರೀದಿಯ ಹಣ ಸಾರ್ಥಕ.

ತಾಲ್ಲೂಕು ಆಸ್ಪತ್ರೆಯ ಪರಿಸ್ಥಿತಿ ಸ್ವಲ್ಪ ಬೇರೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಎದೆನೋವಿನ ರೋಗಿಗಳು ಅಲ್ಲಿಗೇ ಮೊದಲು ಬರುತ್ತಾರೆ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಅಲ್ಲೇ ಕೊಡುತ್ತಾರೆ. ಅಂಥ ರೋಗಿಯ ಹೃದಯ ಅಲ್ಲೇ ನಿಂತರೆ ಅದು ಶಾಕ್‌ಗೆ ಒಗ್ಗುವ ರಿದಮ್ ಆಗಿರುವ ಸಾಧ್ಯತೆ ಹೆಚ್ಚು. ಇಲ್ಲಿ ಹೊಸ ಡಿಫಿಬ್ರಿಲೇಟರ್ ಬರಲಿದ್ದರೆ ಸೆನ್ಸರ್ ಪ್ಯಾಡಿನ ಸೌಲಭ್ಯ ಇರುವುದನ್ನೇ ಕೇಳಿ. ಪ್ಯಾಡ್ ಪೂರೈಕೆ ನಿಲ್ಲಬಹುದೆಂಬ ಅನುಮಾನವಿದ್ದರೆ ಸಾದಾ ಪ್ಯಾಡ್ ಕೂಡ ಒಪ್ಪುವ ಯಂತ್ರ ಆರಿಸಿ.

ನೂರರಿಂದ ಇನ್ನೂರು ಹಾಸಿಗೆಯ, ಬೇರೆಬೇರೆ ಕಂಪನಿಗಳ ಡಿಫಿಬ್ರಿಲೇಟರ್ ಸೇರಿಕೊಂಡಿರುವ ಆಸ್ಪತ್ರೆಗೆ ಅಂಗೈ ಕೆಳಗಿನ ಮೀಟರ್ ಹೊಂದುತ್ತದೆ. ಕೋಡ್ ತಂಡದ ಬ್ಯಾಗಿನಲ್ಲಿ ಒಂದು, ತುರ್ತು ವಿಭಾಗದಲ್ಲಿ ಒಂದು. ಪ್ರತಿ ವಾರ್ಡಿಗೂ ಬೇಡ. ದೊಡ್ಡ ಐಸಿಯುಗಳಲ್ಲಿ ಕ್ಯಾಪ್ನೋಗ್ರಾಫ್ ಮತ್ತು ಪ್ಯಾಡ್ ಸೆನ್ಸರ್ ಎರಡೂ ಇರಲಿ, ಎರಡು ಬೇರೆಬೇರೆ ಕತೆ ಹೇಳಿದಾಗ ಏನು ಮಾಡಬೇಕೆಂದು ಮೊದಲೇ ಬರೆದಿಡಿ. ಆಳ ಸರಿ, ಇಂಗಾಲದ ಡೈಆಕ್ಸೈಡ್ 8 ಎಂದಾದರೆ ಮೊದಲು ಬ್ಯಾಗ್ ಹಿಂಡುವ ವೇಗ ನೋಡಿ, ಆಮೇಲೆ ಕೈ ಇಟ್ಟ ಜಾಗ, ಆಮೇಲೆ ಟೆನ್ಷನ್ ನ್ಯುಮೋಥೊರಾಕ್ಸ್ (ಶ್ವಾಸಕೋಶದ ಸುತ್ತ ಗಾಳಿ ಸಿಕ್ಕಿಕೊಳ್ಳುವುದು), ಟ್ಯಾಂಪೊನೇಡ್ (ಹೃದಯದ ಸುತ್ತ ದ್ರವ ತುಂಬಿ ಅದನ್ನು ಅದುಮುವುದು), ರಕ್ತಸ್ರಾವ.

ಓಡುವ ಆ್ಯಂಬುಲೆನ್ಸಿನಲ್ಲಿ ಅಕ್ಸೆಲೆರೋಮೀಟರ್ ಗಾಡಿಯ ಕುಲುಕಾಟವನ್ನೂ ಸೇರಿಸಿಕೊಳ್ಳುತ್ತದೆ. ಗಾಡಿ ನಿಂತಾಗಿನ ಅಳತೆಯನ್ನು ಮಾತ್ರ ನಂಬಿ. ಮಕ್ಕಳ ವಾರ್ಡಿಗೆ ತರುವ ಮುನ್ನ ಲೇಬಲ್ ಓದಿ. ಅಂಗೈ ಕೆಳಗಿನ ಮೀಟರುಗಳನ್ನು ಸಾಮಾನ್ಯವಾಗಿ 8 ವರ್ಷ ಅಥವಾ 25 ಕಿಲೋ ಮೀರಿದವರಿಗೆಂದೇ ಮಾಡಿರುತ್ತಾರೆ. ಹಸುಗೂಸಿಗೆ ಎದೆಯ ದಪ್ಪದ ಮೂರನೆಯ ಒಂದು ಭಾಗ, ಸುಮಾರು 4 ಸೆಂ.ಮೀ. ಎಂಬ ಕಣ್ಣಳತೆಯೇ ಹೆಚ್ಚಾಗಿ ಗತಿ.

ಕೊಳ್ಳುವ ಮೊದಲು ನಿಮ್ಮ ಹಾಸಿಗೆಯ ಮೇಲೇ ಪರೀಕ್ಷಿಸಿ

ಕಂಪನಿಯವರು ಡೆಮೊವನ್ನು ಟೇಬಲ್ ಮೇಲೆ ಕೊಡುತ್ತಾರೆ. ನೀವು ವಾರ್ಡಿನ ಮಂಚದ ಮೇಲೆ ಕೇಳಿ. ಆಳ ತೋರಿಸುವ ಮ್ಯಾನಿಕಿನ್ ಮಲಗಿಸಿ, ಅದು ಹಗುರವಾಗಿರುವುದರಿಂದ ಇಕ್ಕೆಲದಲ್ಲೂ ಮರಳು ಚೀಲ ಕಟ್ಟಿ ತೂಕ ಏರಿಸಿ. ಸಾಧನ 5 ಎಂದು ತೋರಿಸುವವರೆಗೆ ಒತ್ತಿ, ಮ್ಯಾನಿಕಿನ್ ಎಷ್ಟು ಹೇಳುತ್ತದೆ ಬರೆದುಕೊಳ್ಳಿ. ಬೋರ್ಡ್ ಹಾಕಿ ಮತ್ತೆ, ನೆಲದ ಮೇಲೆ ಮತ್ತೆ. ಮೂರು ಅಂಕಿಗಳು ಸಿಗುತ್ತವೆ. ಬೋರ್ಡ್ ಹಾಕಿದ ಮೇಲೂ ವ್ಯತ್ಯಾಸ ಒಂದು ಸೆಂ.ಮೀ. ಇದ್ದರೆ, ಆ ಮಂಚದಲ್ಲಿ ಸಾಧನ 6 ತೋರಿಸಿದಾಗ ಎದೆ 5 ತಗ್ಗಿರುತ್ತದೆ ಎಂಬುದನ್ನು ಸಿಬ್ಬಂದಿಗೆ ತಿಳಿಸಿ. ಸಾಧನದ ದೋಷವನ್ನು ಮೊದಲೇ ಬಿಚ್ಚಿಟ್ಟರೆ ಅವರು ಅದನ್ನು ಹೆಚ್ಚು ನಂಬುತ್ತಾರೆ.

ಆಮೇಲೆ ಮೂರು ವಾರ ಸಾಲವಾಗಿ ಇಟ್ಟುಕೊಂಡು ಹತ್ತು ಮಾಕ್ ಡ್ರಿಲ್ ಮಾಡಿ, ಅದರಲ್ಲಿ ನಾಲ್ಕಾದರೂ ರಾತ್ರಿ ಪಾಳಿಯಲ್ಲಿ. ಐದರಲ್ಲಿ ಸಾಧನ ಇರಲಿ, ಐದರಲ್ಲಿ ಬೇಡ. ಮೊದಲ ಒತ್ತಿಗೆ ಹಿಡಿದ ಸಮಯ ಬರೆಯಿರಿ. ಕೊನೆಗೆ ಹೆಸರು ಬೇಡದ ಚೀಟಿಯಲ್ಲಿ ಐದು ಪ್ರಶ್ನೆ: ಕೈ ನೋಯಿತೆ? ಪರದೆ ಕಂಡಿತೆ? ತೋರಿಸಿದ್ದನ್ನು ನಂಬಿದಿರಾ? ಗಮನ ಕೆಟ್ಟಿತೆ? ನಾಳೆ ನಿಜವಾದ ಕೋಡ್ ಆದರೆ ನೀವಾಗಿಯೇ ಎತ್ತಿಕೊಳ್ಳುತ್ತೀರಾ? ಐದನೆಯದಕ್ಕೆ ಅರ್ಧಕ್ಕಿಂತ ಹೆಚ್ಚು ಜನ "ಇಲ್ಲ" ಎಂದರೆ ಹಿಂದಿನ ನಾಲ್ಕರಲ್ಲಿ ಕಾರಣ ಇರುತ್ತದೆ. ಅದು ಸರಿಹೋಗದೆ ಕೊಳ್ಳಬೇಡಿ.

ರೆಕಾರ್ಡಿನ ನಿಯಮವನ್ನು ಮೊದಲ ಬಳಕೆಗೆ ಮುಂಚೆ ಒಂದು ಪುಟದಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಾಕಿ. ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಗೆ ಕೋಡ್‌ಗಳ ವಿಶ್ಲೇಷಣೆ ಹೇಗಿದ್ದರೂ ಬೇಕು, ಆದರೆ ಅದರಲ್ಲಿ ಒತ್ತಿದವರ ಹೆಸರು ಬೇಡ. "ಮೊದಲ ಎರಡು ನಿಮಿಷ", "ಎರಡನೆಯ ಎರಡು ನಿಮಿಷ" ಎಂದು ಗುರುತಿಸಿದರೆ ಸಾಕು. ಗ್ರಾಫ್ ಯಾರ ಸೇವಾ ಕಡತಕ್ಕೂ, ಇನ್‌ಕ್ರಿಮೆಂಟ್ ತೀರ್ಮಾನಕ್ಕೂ ಹೋಗಬಾರದು. ವಾರದೊಳಗೆ ತಂಡವನ್ನು ಕೂರಿಸಿ ಹದಿನೈದು ನಿಮಿಷ ತೋರಿಸಿ, ಮೊದಲು ಚೆನ್ನಾಗಿ ನಡೆದ ಭಾಗ, ಆಮೇಲೆ ಅತಿ ಉದ್ದದ ಒಂದು ನಿಲುಗಡೆ. ಒಂದು ಸಲಕ್ಕೆ ಒಂದೇ ತಪ್ಪು ಹಿಡಿಯಿರಿ. ರಾತ್ರಿ ಪಾಳಿಯವರು ಮನೆಗೆ ಹೋಗುವ ಮುಂಚಿನ ಹೊತ್ತಿಗೇ ಅದನ್ನು ಇಡಿ. ಅವರಿಗೆ ಕಾಣದ ಗ್ರಾಫ್‌ನಿಂದ ರಾತ್ರಿಯ ಕೋಡ್ ಸುಧಾರಿಸುವುದಿಲ್ಲ.